ಬಾಣಂತಿ ಪಥ್ಯದಲ್ಲಿ ಉಳಿಸಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು?

ಸದಾಶಿವಗಡದ ಓದುಗ:
ಕುಚಲಕ್ಕಿ, ತೆಂಗು, ಬಸಳೆ, ಬಂಗಡೆ, ತಾರ್ಲೆ ಮೀನು ಎಲ್ಲವೂ ಕೈಗೆಟಕುವ ನಮ್ಮ ಕರಾವಳಿಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ರಕ್ತಹೀನತೆ ಇರುವುದಕ್ಕೆ ಬಡತನವೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಉಂಡು ಉಟ್ಟು ಇರುವ ಮನೆಗಳಲ್ಲೂ ಹೆರಿಗೆಯಾದ ಮೇಲೆ ನಲವತ್ತು ದಿನ ಅನ್ನ, ಕಾಳುಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ ಬಿಟ್ಟರೆ ಬೇರೇನೂ ಕೊಡುವುದಿಲ್ಲ. ಸೊಪ್ಪು ನಂಜು, ಮೀನು ನಂಜು, ಬಾಳೆಹಣ್ಣು ಶೀತ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂಬ ನಂಬಿಕೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕಿಲೊಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಹೇಳುತ್ತದೆ. ಹೆಚ್ಚು ಬೇಕಾದ ಹೊತ್ತಿನಲ್ಲೇ ಕಡಿಮೆ ಕೊಡುವ ಈ ಪಥ್ಯವನ್ನು ಪೂರ್ತಿ ಕೈಬಿಡಬೇಕೆಂಬುದು ನನ್ನ ವಾದ.

ಶಿರಸಿ ಸೀಮೆಯ ಗೃಹಿಣಿ:
ಪೂರ್ತಿ ಎನ್ನುವ ಮಾತಿಗೆ ನನ್ನ ವಿರೋಧವಿದೆ. ಪಥ್ಯವೆಂದರೆ ಊಟದ ಪಟ್ಟಿ ಮಾತ್ರವಲ್ಲ. ಎಣ್ಣೆ ಹಚ್ಚಿ ಹಂಡೆಯ ಬಿಸಿನೀರಿನಲ್ಲಿ ಮೀಯಿಸುವುದು, ತುಪ್ಪ, ಲೇಹ, ಎಲ್ಲಕ್ಕಿಂತ ಮಿಗಿಲಾಗಿ ಒಲೆಯಿಂದ, ಕೊಟ್ಟಿಗೆಯಿಂದ ಸಿಗುವ ರಜೆ. ಆ ನಲವತ್ತು ದಿನಗಳ ಕಟ್ಟುಪಾಡು ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಹತ್ತನೆಯ ದಿನಕ್ಕೇ ಸೊಸೆಯ ಕೈಯಲ್ಲಿ ಸಗಣಿ ಬುಟ್ಟಿ ಇರುತ್ತದೆ. ಪಥ್ಯ ಹೋದರೆ ಮೊದಲು ಹೋಗುವುದು ವಿಶ್ರಾಂತಿ, ಮಿಕ್ಕಿದ್ದು ಆಮೇಲೆ. ಅಲ್ಲದೆ ರಕ್ತಹೀನತೆ ನಲವತ್ತು ದಿನಗಳಲ್ಲಿ ಹುಟ್ಟುವುದಲ್ಲ, ಬಸುರಿಯಾಗುವ ಮೊದಲೇ ಹುಡುಗಿಯರು ಅದನ್ನು ಹೊತ್ತುಕೊಂಡೇ ಬಂದಿರುತ್ತಾರೆ.

ಅಂಗನವಾಡಿ ಕಾರ್ಯಕರ್ತೆ, ಹೊನ್ನಾವರ ತಾಲೂಕು:
ಕೊನೆಯ ಮಾತು ನಿಜ. ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆ ಇರುವವರನ್ನು ನಾವು ಪಟ್ಟಿ ಮಾಡುವುದು ಮೂರನೆಯ ತಿಂಗಳಿನಲ್ಲೇ, ಪಥ್ಯದ ಸುದ್ದಿಯೇ ಇರದಾಗ. ನಾಲ್ಕನೆಯ ತಿಂಗಳಿಂದ 180 ದಿನ ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ. ಮನೆಗೆ ಹೋಗಿ ನೋಡಿದರೆ ಅಕ್ಕಿ ಡಬ್ಬಿಯ ಹಿಂದೆ ಮಾತ್ರೆಯ ಪಟ್ಟಿಗೆ ಪಟ್ಟಿಯೇ ಹಾಗೆಯೇ ಇರುತ್ತದೆ. ಮಗು ಕಪ್ಪಾಗುತ್ತದೆಂದು ಕೆಲವರು, ಮಗು ದಪ್ಪವಾಗಿ ಹೆರಿಗೆ ಕಷ್ಟವೆಂದು ಕೆಲವರು, ಮಲ ಕಪ್ಪಾದದ್ದನ್ನು ಕಂಡು ಹೆದರಿದವರು ಕೆಲವರು. ತೆಗೆದುಕೊಳ್ಳುವವರಲ್ಲೂ ಅನೇಕರು ಚಹಾದ ಜೊತೆಗೋ ಕ್ಯಾಲ್ಸಿಯಂ ಮಾತ್ರೆಯ ಜೊತೆಗೋ ನುಂಗುತ್ತಾರೆ, ಎರಡೂ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವೆ. ಲಿಂಬೆ ಹಿಂಡಿದ ನೀರಿನೊಂದಿಗೆ ತೆಗೆದುಕೊಂಡು, ಕ್ಯಾಲ್ಸಿಯಂ ಅನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಬೇಕು. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಕೊಡುವ ಬಿಸಿಯೂಟಕ್ಕೆ ಅಂಗನವಾಡಿ ಕೇಂದ್ರಕ್ಕೇ ಬರಬೇಕೆಂಬುದು ನಿಯಮ. ಆದರೆ ಆಷಾಢದ ಮಳೆಯಲ್ಲಿ ತುಂಬುಬಸುರಿ ಜಾರುವ ಸಂಕ ದಾಟಿ ಬರಲಿ ಎಂದು ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಅಂಕೋಲೆಯ ಹಿರಿಯರು:
ಹಳಬರನ್ನು ಮೂಢರೆಂದು ತಳ್ಳುವ ಮೊದಲು ಮೀನು ಏಕೆ ನಂಜಾಯಿತೆಂದು ಕೇಳಿಕೊಳ್ಳಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಈಗ ಸರಕಾರವೇ ನಿಷೇಧ ಹಾಕುತ್ತದೆ; ಆಗ ಕಡಲೇ ನಿಷೇಧ ಹಾಕುತ್ತಿತ್ತು. ಮಂಜುಗಡ್ಡೆ ಇಲ್ಲದ ಕಾಲದಲ್ಲಿ ಹಳಸಿದ ಮೀನು ತಿಂದು ಬಾಣಂತಿಗೆ ಭೇದಿ ಹತ್ತಿದರೆ ಇಬ್ಬರ ಜೀವಕ್ಕೂ ಸಂಚಕಾರ. ಹಾಲು ಹೆಚ್ಚಲೆಂದು ಮೋರಿ ಮೀನಿನ ಸಾರು ಕೊಟ್ಟವರೂ ಇದೇ ಅಜ್ಜಿಯರು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಕ್ಕಳ ವೈದ್ಯ, ಕುಮಟಾ:
ಹಿರಿಯರ ಎಚ್ಚರಿಕೆಗೆ ಕಾರಣವಿತ್ತು, ಆ ಕಾರಣ ಇಂದು ಉಳಿದಿಲ್ಲ. ತಾಜಾ ತಾರ್ಲೆ, ಬಂಗಡೆಗಳಲ್ಲಿ ಪ್ರೋಟೀನ್, ಬಿ12 ಜೀವಸತ್ವ ಮತ್ತು ಮಗುವಿನ ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಇವೆ, ಬೆಲೆಯೂ ಕಡಿಮೆ. ಮೋರಿಯ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ: ಅದು ಶಾರ್ಕ್ ಜಾತಿಯದು, ಇತರ ಮೀನುಗಳನ್ನು ತಿಂದು ಬೆಳೆಯುವ ಇಂಥ ಮೀನುಗಳಲ್ಲಿ ಪಾದರಸ ಸೇರಿಕೊಳ್ಳುತ್ತದೆ, ಬಸುರಿ ಬಾಣಂತಿಯರಿಗೆ ಸಣ್ಣ ಮೀನೇ ಲೇಸು. ಮಳೆಗಾಲದ ಒಣಮೀನನ್ನು ನೆನೆಸಿ, ನೀರು ಚೆಲ್ಲಿ ಬೇಯಿಸಿದರೆ ಉಪ್ಪು ತಗ್ಗುತ್ತದೆ. ರಕ್ತದೊತ್ತಡ ಏರಿರುವ ಗರ್ಭಿಣಿ ಅದನ್ನೂ ಬಿಡಬೇಕು.

ಶಿರಸಿಯವರಿಗೆ ಒಂದು ಮಾತು. ಪಥ್ಯ ಹೆಚ್ಚು ಹೊಡೆತ ಕೊಡುವುದು ಸಸ್ಯಾಹಾರಿ ತಾಯಿಗೆ. ಆಕೆಗೆ ಬಿ12 ಸಿಗುವುದು ಹಾಲು, ಮೊಸರು, ಮಜ್ಜಿಗೆಯಿಂದ. ಥಂಡಿಯೆಂದು ಮೊಸರು ಮಜ್ಜಿಗೆ ನಿಲ್ಲಿಸಿದರೆ ಉಳಿಯುವುದು ಒಂದು ಲೋಟ ಹಾಲು, ಅದರಿಂದ ಬೇಕಾದುದರ ಅರ್ಧವೂ ಸಿಗದು. ತಾಯಿಯಲ್ಲಿ ಬಿ12 ತೀರಾ ಕಡಿಮೆಯಿದ್ದರೆ ಎದೆಹಾಲಿನಲ್ಲೂ ಕಡಿಮೆಯೇ. ಅಂಥ ಮಗು ಕೆಲವೇ ತಿಂಗಳಲ್ಲಿ ಮಂಕಾಗಿ, ಕೂರುವುದು ನಗುವುದು ಹಿಂದೆಬಿದ್ದು, ಕೆಲವೊಮ್ಮೆ ಕೈಕಾಲು ನಡುಗುವಷ್ಟರ ಮಟ್ಟಿಗೆ ಬರುವುದುಂಟು.

ಇಷ್ಟಾಗಿಯೂ, ಈ ಚರ್ಚೆ ನಲವತ್ತು ದಿನಕ್ಕೇ ಅಂಟಿಕೊಂಡಿರುವುದು ನನಗೆ ಸರಿಕಾಣುತ್ತಿಲ್ಲ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಅಲ್ಲಿಯವರೆಗೆ ನಮ್ಮ ಮಕ್ಕಳು ಚೆನ್ನಾಗಿಯೇ ತೂಕ ಹಾಕುತ್ತಾರೆ. ತೂಕದ ಕಾರ್ಡಿನಲ್ಲಿ ಬೆಳವಣಿಗೆಯ ಗೆರೆ ಏರದೆ ಮಲಗುವುದು ಆರರಿಂದ ಹದಿನೆಂಟನೆಯ ತಿಂಗಳ ನಡುವೆ. ಕಾರಣ ಬಟ್ಟಲಿನಲ್ಲೇ ಕಾಣುತ್ತದೆ: ಗಂಜಿ ತಿಳಿ. ಮಗುವಿನ ಹೊಟ್ಟೆ ಚಿಕ್ಕದು, ನೀರಿನಿಂದ ತುಂಬಿದರೆ ಹಸಿವು ಅಡಗುತ್ತದೆ, ಮೈ ಬೆಳೆಯುವುದಿಲ್ಲ. ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿಯಾಗಿ ಅನ್ನ, ಬೇಳೆ ಮಿದ್ದು, ಒಂದು ಸಣ್ಣ ಚಮಚ ತೆಂಗಿನೆಣ್ಣೆಯನ್ನೋ ತುಪ್ಪವನ್ನೋ ಹಾಕಿದರೆ ಅಷ್ಟರಿಂದಲೇ 45 ಕಿಲೊಕ್ಯಾಲೊರಿ ಹೆಚ್ಚು. ಮೊಟ್ಟೆ ತಿನ್ನುವವರು ಮೊಟ್ಟೆ, ಮೀನು ತಿನ್ನುವವರು ಮುಳ್ಳು ತೆಗೆದ ಮೀನು, ಏಳನೆಯ ತಿಂಗಳಿಂದಲೇ ಕೊಡಬಹುದು. ವರ್ಷ ತುಂಬುವ ಮೊದಲು ಜೇನು ಮಾತ್ರ ಬೇಡ.

ಶಿರಸಿ ಸೀಮೆಯ ಗೃಹಿಣಿ:
ಮೊಸರಿನ ವಿಷಯ ಒಪ್ಪಿದೆ, ಅದನ್ನು ನಿಲ್ಲಿಸುವುದಕ್ಕೆ ನನ್ನಲ್ಲೂ ಸಮರ್ಥನೆಯಿಲ್ಲ. ಆದರೆ ನಮ್ಮಲ್ಲಿ ಕೊಡುವುದು ರಾಗಿ ಮಣ್ಣಿ, ಬರಿ ಗಂಜಿ ತಿಳಿಯಲ್ಲ. ಅದರಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ.

ಮಕ್ಕಳ ವೈದ್ಯ, ಕುಮಟಾ:
ಮಣ್ಣಿ ಒಳ್ಳೆಯದೇ. ನೆನೆಸಿ ರುಬ್ಬಿ ಬಟ್ಟೆಯಲ್ಲಿ ಸೋಸಿದಾಗ ಹಿಪ್ಪೆಯೊಂದಿಗೆ ಖನಿಜಾಂಶದ ಒಂದು ಪಾಲು ಹೋಗುತ್ತದೆ, ಆಮೇಲೆ ನುಂಗಲು ಸುಲಭವಾಗಲೆಂದು ನೀರು ಸುರಿಯುತ್ತೇವೆ. ಬದಲಿಗೆ ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ ಹುಡಿ ಮಾಡಿಟ್ಟುಕೊಳ್ಳಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಮಣ್ಣಿ ಗಂಟಾಗದೆ ಮೆತ್ತಗಿರುತ್ತದೆ, ನೀರು ಬೆರೆಸಬೇಕಾಗುವುದಿಲ್ಲ. ಜಾಹೀರಾತಿನ ಡಬ್ಬಿಯ ಪುಡಿಗೆ ಕೊಡುವ ಹಣದಲ್ಲಿ ತಿಂಗಳಿಡೀ ಮೊಟ್ಟೆಯೋ ಹೆಸರುಬೇಳೆಯೋ ಬರುತ್ತದೆ.

ಸದಾಶಿವಗಡದ ಓದುಗ:
ಪೂರ್ತಿ ಕೈಬಿಡಬೇಕೆಂಬುದರ ಬದಲು ಊಟದ ನಿಷೇಧಗಳನ್ನು ಬಿಡಬೇಕು, ವಿಶ್ರಾಂತಿಯನ್ನು ಮುಟ್ಟಬಾರದು ಎಂದರೆ ಶಿರಸಿಯವರೂ ಒಪ್ಪಬಹುದೇನೋ. ಆದರೆ ಮಗು ತೆಳ್ಳಗಿದೆಯೆಂದು ಗೊತ್ತಾಗುವುದು ಹೇಗೆ? ನಮ್ಮಲ್ಲಿ ನೆರೆಮನೆಯ ಕೂಸಿನೊಂದಿಗೆ ಹೋಲಿಸುವುದೇ ಅಳತೆ.

ಅಂಗನವಾಡಿ ಕಾರ್ಯಕರ್ತೆ, ಹೊನ್ನಾವರ ತಾಲೂಕು:
ಹೋಲಿಸಬೇಕಾದದ್ದು ಆ ಮಗುವಿನ ಹೋದ ತಿಂಗಳ ತೂಕದೊಂದಿಗೆ. ಮಗುವಿನ ತೂಕ ಗುರುತಿಸುವ ತಾಯಿ ಕಾರ್ಡಿನ ಗೆರೆ ಎರಡು ತಿಂಗಳು ಸತತ ಮೇಲೇರದಿದ್ದರೆ, ಮಗು ಸರಿಯಾದ ತೂಕ ತೋರಿಸುವ ಹಸಿರು ಪಟ್ಟಿಯಲ್ಲಿದ್ದರೂ ವಿಚಾರಿಸಬೇಕು. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಅಂಕೋಲೆಯ ಹಿರಿಯರು:
ನೀವೆಲ್ಲ ತಾಯಿಗೆ ಹೇಳುತ್ತಿದ್ದೀರಿ. ನಮ್ಮ ಕೇರಿಯಲ್ಲಿ ತಾಯಂದಿರು ಬೆಳಗಿನ ಜಾವಕ್ಕೇ ಮೀನುಬುಟ್ಟಿ ಹೊತ್ತು ಪೇಟೆಗೆ ಹೋದರೆ ತಿರುಗಿ ಬರುವುದು ಮಧ್ಯಾಹ್ನಕ್ಕೆ. ಅಷ್ಟು ಹೊತ್ತು ಕೂಸಿಗೆ ಉಣಿಸುವವಳು ಅಜ್ಜಿ. ಹಲ್ಲು ಬಾರದ ಕೂಸಿಗೆ ಗಟ್ಟಿ ಕೊಟ್ಟರೆ ಗಂಟಲಿಗೆ ಸಿಕ್ಕೀತೆಂಬ ಹೆದರಿಕೆಯಿಂದಲೇ ಆಕೆ ತಿಳಿ ಕೊಡುತ್ತಾಳೆ. ಅವಳನ್ನು ಯಾವ ಸಭೆಗೂ ಯಾರೂ ಕರೆದಿಲ್ಲ.

ಅಂಗನವಾಡಿ ಕಾರ್ಯಕರ್ತೆ, ಹೊನ್ನಾವರ ತಾಲೂಕು:
ಇದು ನಮ್ಮ ಕೇಂದ್ರಕ್ಕೂ ಸಲ್ಲುವ ಮಾತು, ನಮ್ಮ ಸಭೆಗಳಿಗೆ ಬರುವವರು ತಾಯಂದಿರೇ. ಮುಂದಿನ ತೂಕದ ದಿನ ಮಗುವಿನೊಂದಿಗೆ ಉಣಿಸುವವರೇ ಬರಲಿ, ಉಣಿಸುವ ಬಟ್ಟಲನ್ನೂ ತರಲಿ ಎಂದು ಹೇಳಿಕಳಿಸುತ್ತೇನೆ. ಗಟ್ಟಿ ಮಣ್ಣಿಯನ್ನು ಅಲ್ಲೇ ಕಾಸಿ, ಅಜ್ಜಿಯ ಕೈಯಿಂದಲೇ ಕೂಸಿಗೆ ಉಣಿಸಿ ತೋರಿಸುವುದು ಉತ್ತಮ.