ಹ್ಯಾಸ್ಕೆಲ್‌ನಲ್ಲಿ ನದಿ ಚಿತ್ರ: ಕೂಡ್ಲಿ ಎರಡೆರಡು ಸಲ ಬರ್ತಿದೆ

ತುಂಗೆದಡ, ತೀರ್ಥಹಳ್ಳಿ

ಮಗಳ ಶಾಲೆಗೆ ತುಂಗಾ, ಭದ್ರಾ ನದಿಗಳ ಚಿತ್ರ ಬೇಕಿತ್ತು. ಚಾರ್ಟ್ ಶೀಟ್‌ನಲ್ಲಿ ಅರ್ಧ ಗಂಟೆ ಕೆಲಸ. ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀತಿದ್ದೀನಲ್ಲ, ಅದರಲ್ಲೇ ಮಾಡೋಣ ಅಂತ ಕೂತೆ. ಇದು ಮೂರನೇ ಸಂಜೆ.

ಊರಿನ ಹೆಸರು, ಮುಂದಿನ ಊರುಗಳ ಪಟ್ಟಿ: ಇಷ್ಟೇ ಇರೋ ಒಂದು ಟೈಪ್ (ಡೇಟಾದ ಅಚ್ಚು). ಎರಡೂ ನದಿ ಹುಟ್ಟೋ ಗಂಗಾಮೂಲದಿಂದ ಒಂದು ಕಡೆ ಶೃಂಗೇರಿ, ತೀರ್ಥಹಳ್ಳಿ, ಗಾಜನೂರು, ಶಿವಮೊಗ್ಗ. ಇನ್ನೊಂದು ಕಡೆ ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿ, ಭದ್ರಾವತಿ. ಎರಡೂ ಕೂಡ್ಲಿಯಲ್ಲಿ ಸೇರಿ ಹೊನ್ನಾಳಿ, ಹರಿಹರಕ್ಕೆ ಹೋಗಬೇಕು. ರಿಕರ್ಶನ್‌ನಲ್ಲಿ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯೋದು) ಇಳಿಯುತ್ತಾ ಪ್ರತಿ ಊರಿನ ನೋಡ್‌ಗೂ ಹೊಸ ನಂಬರ್ ಕೊಟ್ಟು ಡಾಟ್ ಫೈಲ್ ಬರೆಸುತ್ತೇನೆ, ಡಾಟ್ ಅನ್ನೋ ಪ್ರೋಗ್ರಾಂ ಅದನ್ನು ಓದಿ ಚಿತ್ರ ಬಿಡಿಸುತ್ತೆ. ಚಿತ್ರದಲ್ಲಿ ಕೂಡ್ಲಿ ಎರಡು, ಹೊನ್ನಾಳಿ ಎರಡು, ಹರಿಹರ ಎರಡು! ಕೋಡ್‌ನಲ್ಲಿ ಕೂಡ್ಲಿಯನ್ನು ಬರೆದಿರೋದು ಒಂದೇ ಸಲ. ಎರಡೂ ಕಡೆ ಬಳಸಿರೋದು ಅದನ್ನೇ. ಮತ್ಯಾಕೆ ಹೀಗೆ?

ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬೇರೆ. ಮಳೆಗೆ ಕರೆಂಟ್ ಹೋಗಿ ಬರ್ತಿದೆ, ಉತ್ತರಿಸೋದು ತಡವಾದರೆ ಬೇಜಾರಾಗಬೇಡಿ.

ಅಡಿಕೆಸೋಗೆ, ಸಾಗರ

ನಂಬರ್ ಬಿಡಿ, ಊರಿನ ಹೆಸರನ್ನೇ ಐಡಿ ಮಾಡಿ. ಒಂದೇ ಐಡಿ ಇದ್ದರೆ ಡಾಟ್ ಒಂದೇ ನೋಡ್ ಬರೆಯುತ್ತೆ. ಚೌಕಕ್ಕೆ, ಡಾಟ್ ಫೈಲ್‌ನ ಫಾಂಟ್‌ನೇಮ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಹಾಕಿ. ಫಾಂಟ್ ಮೊದಲೇ ಇನ್‌ಸ್ಟಾಲ್ ಆಗಿರಬೇಕು ಅಷ್ಟೆ.

ತುಂಗೆದಡ

ಅಕ್ಷರ ಬಂತು, ಥ್ಯಾಂಕ್ಸ್. ಕೂಡ್ಲಿಯೂ ಒಂದಾಯ್ತು. ಆದರೆ ಕೂಡ್ಲಿಯಿಂದ ಹೊನ್ನಾಳಿಗೆ ಈಗ ಎರಡು ಗೆರೆ. ಸಂಗಮ ಆದಮೇಲೂ ಜಗಳ ಮುಗಿದಿಲ್ಲ ಅಂತ ಕಾಣುತ್ತೆ.

ಕೊಪ್ಪದ ಕಾಫಿಗಿಡ

ಡಾಟ್ ಫೈಲ್‌ನ ಶುರುವಿನಲ್ಲಿರೋ ಡೈಗ್ರಾಫ್ ಅನ್ನೋ ಪದಕ್ಕಿಂತ ಮುಂಚೆ ಸ್ಟ್ರಿಕ್ಟ್ ಸೇರಿಸಿದರೆ ಜೋಡಿ ಗೆರೆ ಹೋಗುತ್ತೆ. ಆದರೆ ಅದು ತೇಪೆ.

ಮೆಮೊರಿಯಲ್ಲಿ ಕೂಡ್ಲಿ ಒಂದೇ ಇರಬಹುದು, ನಿಮ್ಮ ಫಂಕ್ಷನ್‌ಗೆ ಅದು ಕಾಣಲ್ಲ. ಹ್ಯಾಸ್ಕೆಲ್ ಮೌಲ್ಯವನ್ನು ತೋರಿಸುತ್ತೆ, ಅದು ಎಲ್ಲಿ ಕೂತಿದೆ ಅನ್ನೋದನ್ನಲ್ಲ. ಫಂಕ್ಷನ್ ತುಂಗೆ ಜೊತೆ ಬಂದಾಗ ಒಮ್ಮೆ ಹರಿಹರದವರೆಗೆ ಹೋಗುತ್ತೆ, ಭದ್ರೆ ಜೊತೆ ಬಂದಾಗ ಮತ್ತೊಮ್ಮೆ. ಹೀಗೆ ಕವಲೊಡೆದು ಸೇರೋದು ಒಂದರ ಕೆಳಗೊಂದು ಹತ್ತು ಸಲ ಆದರೆ ಕೊನೆಯ ಊರಿಗೆ 1024 ಸಲ ಹೋಗಿರುತ್ತೀರಿ. ನಿಮ್ಮ ಟೈಪ್ ಮರ, ಅದರಲ್ಲಿ ಕವಲು ಮತ್ತೆ ಸೇರಲ್ಲ. ನಿಮಗೆ ಬೇಕಿರೋದು ಗ್ರಾಫ್, ಅದರಲ್ಲಿ ಸೇರಬಹುದು.

ಎಫ್‌ಜಿಎಲ್ ಅನ್ನೋ ಹ್ಯಾಸ್ಕೆಲ್ ಗ್ರಾಫ್ ಲೈಬ್ರರಿ ತಗೊಳ್ಳಿ. ಊರುಗಳ ಪಟ್ಟಿ ಒಂದು: ನಂಬರ್, ಹೆಸರು. ಗೆರೆಗಳ ಪಟ್ಟಿ ಒಂದು: ಎಲ್ಲಿಂದ, ಎಲ್ಲಿಗೆ, ಯಾವ ನದಿ. ಎರಡನ್ನೂ ಅದರ ಎಂಕೆಗ್ರಾಫ್ ಫಂಕ್ಷನ್‌ಗೆ ಕೊಡಿ. ಬಂದದ್ದನ್ನು ಹ್ಯಾಸ್ಕೆಲ್‌ನ ಗ್ರಾಫ್‌ವಿಜ್ ಲೈಬ್ರರಿಯ ಗ್ರಾಫ್‌ಟುಡಾಟ್‌ಗೆ ಕೊಡಿ. ನದಿ ಹೆಸರು ಗೆರೆಯಲ್ಲೇ ಇರೋದರಿಂದ ತುಂಗೆಗೆ ಒಂದು ಬಣ್ಣ, ಭದ್ರೆಗೆ ಒಂದು ಬಣ್ಣ ಕೊಡೋದೂ ಸುಲಭ.

ತುಂಗೆದಡ

ಆಯ್ತು! ಕೋಡ್ ಅರ್ಧಕ್ಕರ್ಧ ಇಳಿಯಿತು. ರಿಕರ್ಶನ್ ಬೇಕಾಗಲೇ ಇಲ್ಲ, ಅದೊಂದು ಸ್ವಲ್ಪ ಬೇಜಾರು.

ಮಗಳು ನೋಡಿ, "ಅಮ್ಮಾ, ನಮ್ಮೂರಿನ ಪಕ್ಕದಲ್ಲೇ ಬಾಳೆಹೊನ್ನೂರು ಹೇಗೆ ಬಂತು?" ಅಂದಳು. ಗಂಗಾಮೂಲದಿಂದ ಎರಡೂ ಎರಡನೇ ನಿಲ್ದಾಣ, ಅದಕ್ಕೇ ಡಾಟ್ ಒಂದೇ ಸಾಲಿನಲ್ಲಿ ಕೂರಿಸಿದೆ. ಅದಕ್ಕೆ ಮ್ಯಾಪ್ ಗೊತ್ತಿಲ್ಲ ಅಂದೆ. "ನಿಂಗೆ ಗೊತ್ತಲ್ವಾ?" ಅಂದಳು. ನಾಳೆ ಮಳೆಗೆ ಶಾಲೆ ರಜೆಯಂತೆ. ಚಾರ್ಟ್ ಶೀಟ್ ತರಿಸಿದ್ದೇನೆ.