ಮಿಶಿಗನ್‌ಗೆ ಕಳುಹಿಸಬೇಕೆ, ಡೇವಿಸ್‌ನಲ್ಲೇ ಓದಿಸಬೇಕೆ? ಅನುಭವವಿದ್ದವರು ತಿಳಿಸಿ

ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗಳಿಗೆ ನಮ್ಮ ರಾಜ್ಯದ್ದೇ ಆದ ಯುಸಿ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಡೇವಿಸ್‌ನಲ್ಲೂ ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದಲ್ಲೂ ಸೀಟು ಸಿಕ್ಕಿದೆ. ವಿಷಯ ಅರ್ಥಶಾಸ್ತ್ರ. ಹಾಸ್ಟೆಲ್, ಊಟ ಎಲ್ಲ ಸೇರಿ ಡೇವಿಸ್‌ನಲ್ಲಿ ವರ್ಷಕ್ಕೆ 45,000 ಡಾಲರ್ ಆಸುಪಾಸು. ಹೊರರಾಜ್ಯದವರಾದ್ದರಿಂದ ಮಿಶಿಗನ್‌ನಲ್ಲಿ 80,000 ದಾಟುತ್ತದೆ. ವಿದ್ಯಾರ್ಥಿವೇತನ ಎರಡೂ ಕಡೆ ಇಲ್ಲ. ಓದಿನ ಖರ್ಚಿಗೆಂದೇ ಇರುವ 529 ಉಳಿತಾಯ ಖಾತೆಯಲ್ಲಿ ಕೂಡಿಟ್ಟಿರುವ ಹಣ ಡೇವಿಸ್‌ನ ನಾಲ್ಕು ವರ್ಷಕ್ಕೆ ಹೆಚ್ಚುಕಡಿಮೆ ಸಾಕಾಗುತ್ತದೆ. ಮಗ ಎಂಟನೇ ತರಗತಿಯಲ್ಲಿದ್ದಾನೆ. ಮಗಳ ಮನಸ್ಸೆಲ್ಲ ಮಿಶಿಗನ್ ಮೇಲಿದೆ. ಮೇ 1ರೊಳಗೆ ತೀರ್ಮಾನ ತಿಳಿಸಬೇಕು. ಈ ದಾರಿಯಲ್ಲಿ ನಡೆದವರು ದಯವಿಟ್ಟು ಬರೆಯಿರಿ.

ಸ್ಯಾನ್ ಹೋಸೆಯಿಂದ, ಇಬ್ಬರು ಮಕ್ಕಳನ್ನು ಓದಿಸಿದ ತಂದೆ:

ಮೇಡಂ, ಮೊದಲ ವರ್ಷದ ಬಿಲ್ಲನ್ನು ಪಕ್ಕಕ್ಕಿಟ್ಟು ನಾಲ್ಕು ವರ್ಷದ ಲೆಕ್ಕ ಹಾಕಿ. ವರ್ಷಕ್ಕೆ 35,000 ಎಂದರೆ ನಾಲ್ಕು ವರ್ಷಕ್ಕೆ 1 ಲಕ್ಷ 40 ಸಾವಿರ ಡಾಲರ್ ವ್ಯತ್ಯಾಸ. ವಾಸ್ತವದಲ್ಲಿ ಇನ್ನೂ ಹೆಚ್ಚಾಗುತ್ತದೆ, ಏಕೆಂದರೆ ಮಿಶಿಗನ್‌ನಲ್ಲಿ ಮೂರನೇ ವರ್ಷದ ಹೊತ್ತಿಗೆ ಬೋಧನಾ ಶುಲ್ಕದ ದರವೇ ಬೇರೆ, ಮೇಲಿನದು. ಯುಸಿಯಲ್ಲಿ 2022ರಿಂದ ಸೇರಿದವರಿಗೆ ಸೇರಿದ ವರ್ಷದ ಬೋಧನಾ ಶುಲ್ಕವೇ ಆರು ವರ್ಷದವರೆಗೆ ನಿಲ್ಲುತ್ತದೆ. ನಿಮ್ಮ 529 ಖಾತೆ ಮಿಶಿಗನ್‌ನಲ್ಲಿ ಮೂರನೇ ವರ್ಷದ ಆರಂಭದಲ್ಲೇ ಬರಿದಾಗುತ್ತದೆ.

ಉಳಿದ ಹಣ ಎಲ್ಲಿಂದ ಬರಬೇಕು? ತಂದೆತಾಯಿಯ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಸರ್ಕಾರ ಕೊಡುವ ಸಾಲ ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500. ಒಟ್ಟು 27,000 ಡಾಲರ್. ಮಿಕ್ಕಿದ್ದು ನಿಮ್ಮ ಹೆಗಲಿಗೆ. ಪೇರೆಂಟ್ ಪ್ಲಸ್ ಎಂಬ ಸಾಲವಿದೆ. ಹೆಸರೇ ಹೇಳುವಂತೆ ಅದು ಪೋಷಕರ ಸಾಲ, ಮಗಳದ್ದಲ್ಲ. 2026ರ ಜುಲೈ 1ರಿಂದ ಹೊಸದಾಗಿ ತೆಗೆದುಕೊಳ್ಳುವವರಿಗೆ ಅದರ ಮಿತಿ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000. ಎರಡನ್ನೂ ಕೂಡಿಸಿದರೂ 92,000 ಮಾತ್ರ. 1 ಲಕ್ಷ 40 ಸಾವಿರ ಮುಟ್ಟಲು ಖಾಸಗಿ ಬ್ಯಾಂಕಿನ ಬಾಗಿಲು ತಟ್ಟಬೇಕು. ಅಲ್ಲಿಯೂ ಸಾಮಾನ್ಯವಾಗಿ ನಿಮ್ಮ ಸಹಿಯಿಲ್ಲದೆ ಕೆಲಸವಾಗುವುದಿಲ್ಲ. 2025-26ರ ಸಾಲಿನಲ್ಲಿ ಪ್ಲಸ್ ಸಾಲದ ಬಡ್ಡಿ ಶೇ 8.94. ಹಣ ಬಿಡುಗಡೆ ಮಾಡುವಾಗಲೇ ಶೇ 4ಕ್ಕೂ ಹೆಚ್ಚು ಶುಲ್ಕ ಮುರಿದುಕೊಳ್ಳುತ್ತಾರೆ, ಮಗಳು ಓದುತ್ತಿರುವಾಗಲೂ ಬಡ್ಡಿ ಬೆಳೆಯುತ್ತಿರುತ್ತದೆ.

ಇನ್ನೊಂದು ಮಾತು. ದೊಡ್ಡ ಮಗನಿಗೆ ಹೊರರಾಜ್ಯದ ಒಂದು ವಿಶ್ವವಿದ್ಯಾಲಯದಿಂದ ನೆರವಿನ ಪತ್ರ ಬಂದಾಗ ಕೊನೆಯ ಸಾಲಿನಲ್ಲಿ 'ನೀವು ಕೊಡಬೇಕಾದದ್ದು: ಸೊನ್ನೆ' ಎಂದಿತ್ತು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನನ್ನ ಹೆಂಡತಿ ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಓದುತ್ತ, ಮರಳಿ ಕೊಡಬೇಕಾದದ್ದನ್ನೆಲ್ಲ ಹೊಡೆದುಹಾಕಿದಳು. ಕೊನೆಗೆ ನೆರವು ಎನ್ನಬಹುದಾದದ್ದು ಒಂದೇ ಸಾಲು ಉಳಿಯಿತು. ಬೆಳಗಿನವರೆಗೂ ನನಗೆ ನಿದ್ರೆ ಬರಲಿಲ್ಲ. ಅಷ್ಟು ದೊಡ್ಡ ಸಾಲವನ್ನು 'ನೆರವು' ಎಂಬ ತಲೆಬರಹದ ಕೆಳಗೆ ಅಚ್ಚು ಹಾಕುವುದು ಅನ್ಯಾಯ ಎಂದೇ ನಾನು ಇವತ್ತಿಗೂ ಹೇಳುತ್ತೇನೆ. ನಿಮ್ಮ ಪತ್ರವನ್ನೂ ಹಾಗೆಯೇ ಪೆನ್ಸಿಲ್ ಹಿಡಿದು ಓದಿ.

ಎಂಟನೇ ತರಗತಿಯ ಮಗನನ್ನು ಮರೆಯಬೇಡಿ. ಅಕ್ಕನ ಖಾತೆಯಲ್ಲಿ ಮಿಕ್ಕ ಹಣವನ್ನು ದಂಡವಿಲ್ಲದೆ ತಮ್ಮನ ಹೆಸರಿಗೆ ಬದಲಿಸಬಹುದು. ಸಾಲಕ್ಕೆ ಕೈ ಹಾಕಿದರೆ ಅವನ ಸರದಿ ಬಂದಾಗ ಹೇಳಲು ನಿಮ್ಮ ಬಳಿ ಏನೂ ಇರುವುದಿಲ್ಲ. ನಾನಾಗಿದ್ದರೆ ಡೇವಿಸ್.

ಸಿಯಾಟಲ್‌ನಿಂದ, ಮಗಳನ್ನು ಮಿಶಿಗನ್‌ಗೇ ಕಳುಹಿಸಿದ ತಾಯಿ:

ಮೇಲಿನವರ ಲೆಕ್ಕ ಸರಿ. ಆದರೂ ಮಿಶಿಗನ್ ಪರವಾಗಿ ಒಬ್ಬರಾದರೂ ಮಾತನಾಡಬೇಕು. ಮೊದಲ ಎರಡು ವರ್ಷದವರನ್ನೇ ಪ್ರಾಧ್ಯಾಪಕರ ಸಂಶೋಧನೆಗೆ ಸೇರಿಸಿಕೊಳ್ಳುವ ವ್ಯವಸ್ಥೆ ಅಲ್ಲಿದೆ. ನನ್ನ ಮಗಳು ಅದರಿಂದಲೇ ತನ್ನ ವಿಷಯ ಕಂಡುಕೊಂಡಳು. ಆ ವಾತಾವರಣಕ್ಕೆ ಬೆಲೆಯಿದೆ. ಆದರೆ ನಾವು ಒಂದು ಡಾಲರ್ ಸಾಲವನ್ನೂ ಮಾಡಲಿಲ್ಲ, ಸಂಬಳದಿಂದಲೇ ಕಟ್ಟಿದೆವು, ಒಬ್ಬಳೇ ಮಗಳು. ನಿವೃತ್ತಿಯ ಹಣ ಮುಟ್ಟದೆ, ಸಾಲ ಮಾಡದೆ ಕಟ್ಟಲು ಸಾಧ್ಯವಿದ್ದರೆ ಮಾತ್ರ ಕಳುಹಿಸಿ.

ಇಲಿನಾಯ್‌ನ ನೇಪರ್‌ವಿಲ್‌ನಿಂದ:

ಹೊರರಾಜ್ಯವೆಂದರೆ ದುಬಾರಿ ಎಂದು ಎಲ್ಲ ಕಡೆಗೂ ಹೇಳಲಾಗುವುದಿಲ್ಲ. ನಮ್ಮ ಹುಡುಗ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಇಂತಿಷ್ಟು ಅಂಕ, ಇಂತಿಷ್ಟು ಪರೀಕ್ಷಾ ಸ್ಕೋರ್ ಇದ್ದರೆ ಹೊರರಾಜ್ಯದವರಿಗೆ ಇಂತಿಷ್ಟು ವಿದ್ಯಾರ್ಥಿವೇತನ ಎಂದು ಅವರು ಮೊದಲೇ ಪ್ರಕಟಿಸುತ್ತಾರೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಕ್ಕಿಂತ ಕಡಿಮೆಗೆ ಮುಗಿಯುತ್ತಿದೆ. ಪ್ರತಿವರ್ಷ ನಿಗದಿತ ಸರಾಸರಿ ಕಾಯ್ದುಕೊಳ್ಳಬೇಕೆಂಬ ಷರತ್ತಿದೆ. ಮೊದಲ ಸೆಮಿಸ್ಟರ್‌ನ ಕ್ಯಾಲ್ಕುಲಸ್ ಪರೀಕ್ಷೆ ಮುಗಿಯುವವರೆಗೆ ನಮಗೆಲ್ಲ ಆತಂಕವಿತ್ತು. ಇಂಡಿಯಾನಾದ ಪರ್ಡ್ಯೂ ಕೂಡ 2013ರಿಂದ ಬೋಧನಾ ಶುಲ್ಕ ಏರಿಸಿಲ್ಲ, ಹೊರರಾಜ್ಯದವರಿಗೆ ಸುಮಾರು 29,000 ಡಾಲರ್.

ನಿಮ್ಮ ಮಗಳಿಗೆ ಇದು ತಡವಾಯಿತು, ಮಗನಿಗೆ ಉಪಯೋಗವಾಗಬಹುದು. ಪಶ್ಚಿಮದ ರಾಜ್ಯಗಳ ನಡುವೆ ಒಂದು ವಿನಿಮಯ ಒಪ್ಪಂದವಿದೆ. ಅದರಲ್ಲಿರುವ ವಿಶ್ವವಿದ್ಯಾಲಯ ನಿಮ್ಮವನನ್ನು ಆರಿಸಿಕೊಂಡರೆ ಅಲ್ಲಿನ ಸ್ಥಳೀಯ ದರದ ಒಂದೂವರೆ ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಈಗಿನಿಂದಲೇ ಪಟ್ಟಿ ನೋಡಿಡಿ.

ಡೇವಿಸ್‌ನಲ್ಲಿ ಓದಿ ಮುಗಿಸಿದವಳು:

ಅಕ್ಕ, ನಿಮ್ಮ ಮಗಳ ಜಾಗದಲ್ಲಿ ನಾನೂ ನಿಂತಿದ್ದೆ. ನನಗೂ ದೂರದ ಊರಿನ ಆಸೆಯಿತ್ತು, ಮೊದಲ ತಿಂಗಳು ಮುಖ ಊದಿಸಿಕೊಂಡೇ ಇದ್ದೆ. ಆದರೆ ಅಪ್ಪ ಅಮ್ಮ ಹನ್ನೊಂದನೇ ತರಗತಿಯಲ್ಲೇ 'ಇಷ್ಟು ನಮ್ಮ ಕೈಲಾಗುತ್ತದೆ' ಎಂದು ಮೊತ್ತ ಹೇಳಿದ್ದರು. ಹಾಗಾಗಿ ಬೇಸರವಾಯಿತೇ ಹೊರತು ಮೋಸವಾಯಿತು ಅನ್ನಿಸಲಿಲ್ಲ. ಸಂಬಳ, ಮನೆ ಸಾಲ, ಖಾತೆಯ ಮೊತ್ತ ಎಲ್ಲವನ್ನೂ ಅವಳ ಮುಂದಿಡಿ. ಹದಿನೆಂಟು ತುಂಬಿದವಳಿಗೆ ಅದು ಅರ್ಥವಾಗುತ್ತದೆ. 'ಡೇವಿಸ್ ಸಾಕು' ಎಂದು ಮಾತ್ರ ಹೇಳಬೇಡಿ, ಆ ಮಾತು ತುಂಬ ನೋಯಿಸುತ್ತದೆ.

ಸಾಲವಿಲ್ಲದೆ ಹೊರಬಂದದ್ದರಿಂದ, ಸಂಬಳ ಕಡಿಮೆಯಿದ್ದರೂ ನನಗೆ ಇಷ್ಟವಾದ ಸಾರ್ವಜನಿಕ ಆರೋಗ್ಯದ ಕೆಲಸವನ್ನೇ ಹಿಡಿಯಲು ಸಾಧ್ಯವಾಯಿತು. ಅಂದಹಾಗೆ ಡೇವಿಸ್‌ನಿಂದ ಕ್ಯಾಪಿಟಲ್ ಕಾರಿಡಾರ್ ರೈಲು ಹತ್ತಿದರೆ ನೇರ ಫ್ರೀಮಾಂಟ್‌ನಲ್ಲಿ ಇಳಿಯಬಹುದು. ಹಬ್ಬಕ್ಕೆ ಮನೆಗೆ ಬರಲು ವಿಮಾನದ ದರ ನೋಡುತ್ತ ಕೂರಬೇಕಿಲ್ಲ.

ಡಲ್ಲಾಸ್‌ನಿಂದ:

'ಒಂದು ವರ್ಷ ಅಲ್ಲಿದ್ದರೆ ಸ್ಥಳೀಯ ದರ ಸಿಗುತ್ತದೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಓದಲೆಂದು ಬಂದವರನ್ನು ಸಾಮಾನ್ಯವಾಗಿ ನಿವಾಸಿಗಳೆಂದು ಒಪ್ಪುವುದಿಲ್ಲ. ತಂದೆತಾಯಿ ಎಲ್ಲಿ ನೆಲೆಸಿದ್ದಾರೆ ಎಂಬುದನ್ನೇ ನೋಡುತ್ತಾರೆ. ಇದನ್ನು ಓದುತ್ತಿರುವ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಅವಲಂಬಿತರ ವೀಸಾ) ಕುಟುಂಬಗಳಿಗೂ ಒಂದು ಮಾತು: ನಿಮ್ಮ ಮಕ್ಕಳಿಗೆ ಕೇಂದ್ರ ಸರ್ಕಾರದ ಸಾಲವೂ ಅನುದಾನವೂ ಸಿಗುವುದಿಲ್ಲ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ, ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾದರೆ ಕೆಲವು ರಾಜ್ಯಗಳಲ್ಲಿ ಬೆಳೆದ ಊರಿನಲ್ಲೇ ಹೊರಗಿನವರ ದರ ಕಟ್ಟಬೇಕಾಗಬಹುದು. ಸೀಟು ಒಪ್ಪಿಕೊಳ್ಳುವ ಮೊದಲೇ ಆಯಾ ವಿಶ್ವವಿದ್ಯಾಲಯದ ನಿವಾಸ ವಿಭಾಗಕ್ಕೆ ಬರೆದು, ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಿ.