ಮುಂಗಾಲು ಒತ್ತಿದರೆ ಮೋಟಾರ್ ನಿಲ್ಲುತ್ತೆ: ಟ್ರೋಲಿಂಗ್ ಮೋಟಾರ್ ಪೆಡಲ್ ಪ್ರಶ್ನೋತ್ತರ

ಪ್ರಶ್ನೆ: ಸಾರ್, ನನ್ನ ಮೀನು ಹಿಡಿಯುವ ದೋಣಿಯ ಮುಂದುಗಡೆ 12 ವೋಲ್ಟಿನ ಟ್ರೋಲಿಂಗ್ ಮೋಟಾರ್ ಇದೆ, ಅಂದರೆ ದೋಣಿಯನ್ನು ಮೆಲ್ಲಗೆ ಓಡಿಸುವ ಬ್ಯಾಟರಿ ಮೋಟಾರ್, 55 ಪೌಂಡ್ ಥ್ರಸ್ಟಿನದ್ದು (ತಳ್ಳುವ ಬಲ). ಕಾಲು ಪೆಡಲ್, ಕೇಬಲ್ ಸ್ಟಿಯರಿಂಗ್, ಅಂದರೆ ಪೆಡಲ್ ಒತ್ತಿದರೆ ಕೇಬಲ್ ಎಳೆದು ಮೋಟಾರನ್ನು ತಿರುಗಿಸುತ್ತದೆ. ಒಂದು ತಿಂಗಳಿಂದ ಕಾಟ ಕೊಡುತ್ತಿದೆ. ಪೆಡಲಿನ ಬಟನ್ ಒತ್ತಿದರೆ ಒಮ್ಮೆ ಓಡುತ್ತದೆ, ಒಮ್ಮೆ ಸತ್ತ ಹಾಗೆ ಇರುತ್ತದೆ. ಮುಂಗಾಲು ಒತ್ತಿ ಬಲಕ್ಕೆ ತಿರುಗಿಸುವಾಗಲೇ ಜಾಸ್ತಿ ನಿಲ್ಲುತ್ತದೆ. ಹಿಮ್ಮಡಿ ಒತ್ತಿದರೆ ಮತ್ತೆ ಶುರು. ಬಟನ್ ಬಿಟ್ಟು, ಸದಾ ಓಡುವ ಸ್ವಿಚ್ಚಿಗೆ ಹಾಕಿದರೂ ಇದೇ ಕಥೆ. ಬ್ಯಾಟರಿ ಹೊಸದು. ಪೆಡಲ್ ಪೂರ್ತಿ ಬದಲಾಯಿಸಬೇಕಾ, ಬಟನ್ ಸ್ವಿಚ್ ಹಾಕಿದರೆ ಸಾಕಾ?

ಉತ್ತರ (ದೋಣಿ ಎಲೆಕ್ಟ್ರಿಷಿಯನ್): ಎರಡೂ ಬೇಡ. ರೋಗ ಏನು ಅಂತ ನೀವೇ ಬರೆದಿದ್ದೀರಿ, ಗಮನಿಸಿಲ್ಲ ಅಷ್ಟೆ.

ಬಟನ್ ಸ್ವಿಚ್ ಕೆಟ್ಟಿದ್ದರೆ ಸದಾ ಓಡುವ ಸ್ವಿಚ್ಚಿನಲ್ಲಿ ಮೋಟಾರ್ ನೆಟ್ಟಗೆ ಓಡಬೇಕಿತ್ತು, ಅಲ್ವಾ? ಓಡುತ್ತಿಲ್ಲ. ಅಂದರೆ ಎರಡೂ ಸ್ವಿಚ್ಚಿಗೆ ಸೇರಿದ ದಾರಿಯಲ್ಲಿ ತೊಂದರೆ. ಇನ್ನೊಂದು ಸುಳಿವು, ಮುಂಗಾಲು ಕೆಳಗಾದಾಗ ನಿಲ್ಲುವುದು. ಪೆಡಲಿನ ಮೇಲಿನ ಹಲಗೆ ತೊಟ್ಟಿಲಿನ ಹಾಗೆ ಹಿಂದೆ ಮುಂದೆ ಆಡುತ್ತದೆ. ಅದರ ಜೊತೆ ವೈರೂ ಬಾಗುತ್ತದೆ, ನೇರವಾಗುತ್ತದೆ. ಒಂದು ದಿನದ ಮೀನುಗಾರಿಕೆಯಲ್ಲಿ ಇದು ನೂರಾರು ಸಲ ಆಗುತ್ತದೆ. ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮೇಲಿನ ರಬ್ಬರ್ ಮಾತ್ರ ಗಟ್ಟಿ ಇರುತ್ತದೆ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಹಿಮ್ಮಡಿ ಒತ್ತಿದಾಗ ತುಂಡಾದ ತುದಿಗಳು ಒಂದಕ್ಕೊಂದು ತಾಗುತ್ತವೆ, ಮುಂಗಾಲು ಒತ್ತಿದಾಗ ದೂರವಾಗುತ್ತವೆ.

ಕೈ ಹಾಕುವ ಮೊದಲು ಬ್ಯಾಟರಿಯ ವೈರ್ ಬಿಚ್ಚಿ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು. ನಿಮ್ಮದು ತನಗೆ ಬೇಕಾದಾಗ ಓಡುವ ಮೋಟಾರ್. ಪೆಡಲ್ ತಿರುವಿ ಹಾಕಿದಾಗ ಪ್ರೊಪೆಲ್ಲರ್ ಗಕ್ಕನೆ ಎದ್ದರೆ ಕೈ ಅಲ್ಲಿರಬಾರದು. ನನ್ನ ಎಡಗೈ ಹೆಬ್ಬೆರಳಲ್ಲಿ ಇದರ ಗುರುತು ಇನ್ನೂ ಇದೆ, ವಿವರ ಬೇಡ.

ಆಮೇಲೆ ಪೆಡಲ್ ಬೋರಲು ಹಾಕಿ ತಳದ ತಟ್ಟೆ ಬಿಚ್ಚಿ. ಬಿಚ್ಚುವ ಮುಂಚೆ ನಾಲ್ಕು ಫೋಟೋ ತೆಗೆಯಿರಿ. ವೈರ್ ಪೆಡಲಿನೊಳಗೆ ನುಗ್ಗುವ ಜಾಗ, ಮತ್ತೆ ಕೀಲಿನ ಪಕ್ಕದಲ್ಲಿ ಬಾಗುವ ಜಾಗ, ಈ ಎರಡನ್ನು ಬೆರಳಲ್ಲಿ ಹಿಸುಕುತ್ತಾ ಬನ್ನಿ. ಒಳ್ಳೆಯ ವೈರ್ ಬಾಗಿಸಿದರೆ ಗುಂಡಗೆ ಬಾಗುತ್ತದೆ. ಒಳಗೆ ತುಂಡಾದ ವೈರ್ ಅದೊಂದು ಜಾಗದಲ್ಲಿ ಮಾತ್ರ ಚಕ್ಕನೆ ಮಡಚಿಕೊಳ್ಳುತ್ತದೆ, ಹುಲ್ಲುಕಡ್ಡಿಯ ಹಾಗೆ. ಅಲ್ಲೇ ಕತ್ತರಿಸಿ.

ಪ್ರಶ್ನೆ: ಸಾರ್, ಮಲ್ಟಿಮೀಟರಿನಲ್ಲಿ ಬೀಪ್ ಹಾಕಿ ನೋಡಿದೆ, ವೈರ್ ಕೂಡಿದ್ದರೆ ಬೀಪ್ ಅನ್ನುವ ಪರೀಕ್ಷೆ. ಹಲಗೆ ಹೇಗೆ ಆಡಿಸಿದರೂ ಬೀಪ್ ಬರುತ್ತಿದೆ. ಅಂದರೆ ವೈರ್ ಸರಿ ಇದೆ ಅಂತ ಅಲ್ವಾ?

ಉತ್ತರ: ಅಲ್ಲ. ಈ ಬೀಪ್ ಎಷ್ಟು ಜನರ ದಾರಿ ತಪ್ಪಿಸಿದೆಯೋ ಲೆಕ್ಕವಿಲ್ಲ. ಬೀಪ್ ಹಾಕುವಾಗ ಮೀಟರ್ ಕಳಿಸುವ ಕರೆಂಟ್ ಬಹಳ ಕಡಿಮೆ. ನೂರು ಎಳೆಯಲ್ಲಿ ಒಂದೇ ಒಂದು ಉಳಿದಿದ್ದರೂ ಬೀಪ್ ಅನ್ನುತ್ತದೆ. ನಿಮ್ಮ ಮೋಟಾರ್ ಪೂರ್ತಿ ವೇಗದಲ್ಲಿ 50 ಆಂಪಿಯರ್ ಹತ್ತಿರ ಎಳೆಯುತ್ತದೆ. ಒಂದು ಎಳೆ ಅಷ್ಟನ್ನು ಹೊರುತ್ತದಾ?

ಇಷ್ಟು ಹಸಿವು ಯಾಕೆ ಅಂದರೆ ಇದರ ಮೂಲವೇ ಹಾಗಿದೆ. 1934ರಲ್ಲಿ ಅಮೆರಿಕದ ಫಾರ್ಗೊದಲ್ಲಿ ಒ.ಜಿ. ಶ್ಮಿಟ್ ಎಂಬುವರು ಫೋರ್ಡ್ ಕಾರಿನ ಸ್ಟಾರ್ಟರ್ ಮೋಟಾರಿಗೆ ಪ್ರೊಪೆಲ್ಲರ್ ಜೋಡಿಸಿ ಟ್ರೋಲಿಂಗ್ ಮೋಟಾರ್ ಮಾಡಿದರು. ಮಿನ್ ಕೋಟ ಕಂಪನಿಯ ಶುರು ಅದು. ಸ್ಟಾರ್ಟರ್ ಎಷ್ಟು ಕರೆಂಟ್ ಕುಡಿಯುತ್ತದೆ ಅಂತ ಕಾರು ಇಟ್ಟವರಿಗೆಲ್ಲ ಗೊತ್ತು. ಸ್ಟಾರ್ಟರಿಗೆ ಎರಡು ಸೆಕೆಂಡಿನ ಕೆಲಸ, ಇದಕ್ಕೆ ಇಡೀ ದಿನದ ಕೆಲಸ, ಅಷ್ಟೇ ವ್ಯತ್ಯಾಸ.

ಸರಿಯಾದ ಪರೀಕ್ಷೆ ಹೀಗೆ. ದೋಣಿಯನ್ನು ಕಟ್ಟಿ ಹಾಕಿ, ಮೋಟಾರ್ ನೀರಲ್ಲಿರಲಿ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಪೂರ್ತಿ ವೇಗದಲ್ಲಿ ಓಡಿಸುತ್ತಾ ಬ್ಯಾಟರಿಯ ಕಂಬಗಳಲ್ಲಿ (ಟರ್ಮಿನಲ್) ಒಮ್ಮೆ ಅಳೆಯಿರಿ, ಪೆಡಲಿನೊಳಗೆ ಒಮ್ಮೆ ಅಳೆಯಿರಿ. ಅಲ್ಲಿ 12, ಇಲ್ಲಿ 10.8 ಬಂದರೆ ದಾರಿಯಲ್ಲಿ 1.2 ವೋಲ್ಟ್ ಯಾರೋ ತಿಂದಿದ್ದಾರೆ. ಆಮೇಲೆ ಒಂದೊಂದು ತುಂಡಿನ ಎರಡು ತುದಿಗೆ ಮೀಟರಿನ ಮುಳ್ಳು ಇಡುತ್ತಾ ಹೋಗಿ. ಒಳ್ಳೆಯ ವೈರಿನ ತುಂಡಿನ ಮೇಲೆ ಸೊನ್ನೆಯ ಹತ್ತಿರ ತೋರಿಸುತ್ತದೆ. ಕಳ್ಳ ಸಿಕ್ಕ ಜಾಗದಲ್ಲಿ ಮೀಟರ್ ಏರುತ್ತದೆ. ಪೆಡಲಿನ ಸ್ವಿಚ್ಚಿಗೂ ಹೀಗೇ ಮಾಡಿ. ಓಡುತ್ತಿರುವಾಗ ಸ್ವಿಚ್ಚಿನ ಎರಡು ತುದಿಗಳ ನಡುವೆ ಅರ್ಧ ವೋಲ್ಟ್ ಬಂದರೆ ಅದನ್ನು ತೆಗೆದು ಎಸೆಯಿರಿ. 50 ಆಂಪಿಯರಿಗೆ ಅರ್ಧ ವೋಲ್ಟ್ ಅಂದರೆ 25 ವ್ಯಾಟ್ ಬಿಸಿ. ಪೆಡಲಿನ ಪ್ಲಾಸ್ಟಿಕ್ ಒಳಗೆ ಒಂದು ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) ಕಾಯಿಸಿಟ್ಟ ಹಾಗೆ ಲೆಕ್ಕ.

ಒಂದು ಮಾತು. ಸ್ವಿಚ್ಚಿಗೆ ದಪ್ಪ ವೈರ್ ಬಂದಿದ್ದರೆ ಮಾತ್ರ ಈ ಲೆಕ್ಕ. ಕೆಲವು ಮಾದರಿಯಲ್ಲಿ ಸ್ವಿಚ್ಚಿಗೆ ತೆಳು ವೈರ್ ಇರುತ್ತದೆ. ಅಲ್ಲಿ ಸ್ವಿಚ್ ಬರೀ ಸೂಚನೆ ಕಳಿಸುತ್ತದೆ, ಭಾರ ಹೊರುವುದು ಕಂಟ್ರೋಲ್ ಬೋರ್ಡ್. ಅಂಥ ಸ್ವಿಚ್ಚಿಗೆ ನಿಮ್ಮ ಬೀಪ್ ಪರೀಕ್ಷೆ ನಡೆಯುತ್ತದೆ.

ಪ್ರಶ್ನೆ: ಸಿಕ್ಕಿತು ಸಾರ್! ಕೀಲಿನ ಪಕ್ಕದಲ್ಲೇ. ರಬ್ಬರ್ ಸುಲಿದರೆ ಒಳಗೆ ಏಳೋ ಎಂಟೋ ಎಳೆ ಉಳಿದಿವೆ, ಮಿಕ್ಕಿದ್ದೆಲ್ಲ ಹಸಿರು ಪುಡಿ. ಬೆಸುಗೆ ಹಾಕಿ ಟೇಪ್ ಸುತ್ತಿದರೆ ಆಯ್ತಾ?

ಉತ್ತರ: ಆ ಹಸಿರು ಪುಡಿ ಕಿಲುಬು. ಅದು ತುಂಡಾದ ಜಾಗದಲ್ಲೇ ಕೂತಿರುವುದಿಲ್ಲ. ರಬ್ಬರಿನೊಳಗೆ ನೀರು ಹತ್ತಿದಷ್ಟು ದೂರ ಓಡಿರುತ್ತದೆ. ಕೆಂಪಗೆ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸುತ್ತಾ ಹಿಂದೆ ಹೋಗಿ. ಒಂದು ಗೇಣು ಹೋದರೂ ಹೋಗಲಿ. ಕಪ್ಪಾದ ತಾಮ್ರದ ಮೇಲೆ ಏನು ಹಾಕಿದರೂ ಹಿಡಿಯುವುದಿಲ್ಲ.

ಬೆಸುಗೆ ಆ ಜಾಗಕ್ಕೆ ಬೇಡ. ಬೆಸುಗೆಯ ಸೀಸ ಎಳೆಗಳೊಳಗೆ ಇಳಿದು ವೈರನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ. ಗಟ್ಟಿ ಭಾಗ ಮುಗಿದು ಮೆತ್ತಗಿನ ಭಾಗ ಶುರುವಾಗುವ ಗೆರೆಯಲ್ಲೇ ಮತ್ತೆ ಮುರಿಯುತ್ತದೆ. ಅಲ್ಲಾಡುವ ಜಾಗಕ್ಕೆ ಒತ್ತಿ ಕೂರಿಸುವ ಕ್ರಿಂಪ್ ಜೋಡಣೆಯೇ ಒಳ್ಳೆಯದು. ಇಕ್ಕಳದಲ್ಲಿ ಜಜ್ಜಬೇಡಿ, ಕ್ರಿಂಪ್ ಮಾಡುವ ಉಪಕರಣವನ್ನೇ ಬಳಸಿ. ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿ. ಬಂದರೆ ಕೈಯಲ್ಲೇ ಬರಲಿ, ನೀರಿನ ಮಧ್ಯೆ ಬರುವುದು ಬೇಡ. ಅದರ ಮೇಲೆ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ. ಬಿಸಿ ಮಾಡಿದಾಗ ಎರಡು ತುದಿಯಲ್ಲೂ ಅಂಟು ಒಂದು ಉಂಗುರದಷ್ಟು ಹೊರಗೆ ಒಸರಬೇಕು, ಆಗ ನೀರು ನುಗ್ಗುವುದಿಲ್ಲ. ಟೇಪ್ ಸುತ್ತಿದರೆ ನೀರು ಹೇಗೂ ಒಳಗೆ ಹೋಗುತ್ತದೆ, ಹೊರಗೆ ಬರುವುದಕ್ಕೆ ಮಾತ್ರ ದಾರಿ ಇರುವುದಿಲ್ಲ.

ಹೊಸ ತುಂಡು ಹಾಕುವುದಾದರೆ ತವರ ಲೇಪಿಸಿದ ತಾಮ್ರದ ವೈರ್ ತನ್ನಿ, ಸಣ್ಣ ಎಳೆಗಳು ಜಾಸ್ತಿ ಇರುವಂಥದ್ದು. ದಪ್ಪ ಹಳೆಯದರಷ್ಟೇ ಇರಬೇಕು, ಕಡಿಮೆ ಬೇಡವೇ ಬೇಡ. ಜೋಡಣೆಯನ್ನು ಕೀಲಿನಿಂದ ದೂರ ಇಡಿ. ಕೀಲಿನ ಹತ್ತಿರ ವೈರಿಗೆ ಒಂದು ಸಡಿಲ ಬಳಸು ಕೊಡಿ. ನಿಮ್ಮ ವೈರ್ ಸತ್ತದ್ದೇ ಬಿಗಿಯಾಗಿ ಎಳೆದು ಕಟ್ಟಿದ್ದಕ್ಕೆ ಅಂತ ನನ್ನ ಊಹೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಅಣ್ಣಾ, ನನ್ನ ಪೆಡಲಿನಲ್ಲಿ ಕರೆಂಟ್ ಸರಿ ಇದೆ, ಸ್ಟಿಯರಿಂಗ್ ಸರಿ ಇಲ್ಲ. ಪೆಡಲ್ ಅರ್ಧ ಒತ್ತಿದರೂ ಮೋಟಾರ್ ಮಿಸುಕುವುದಿಲ್ಲ, ಆಮೇಲೆ ಒಮ್ಮೆಲೇ ತಿರುಗುತ್ತದೆ. ಈಚೆಗೆ ಗರಗರ ಸದ್ದು ಬೇರೆ.

ಉತ್ತರ: ಗರಗರ ಅಂದರೆ ಉಕ್ಕಿನ ಕೇಬಲಿನ ಎಳೆ ಬಿಚ್ಚಿಕೊಂಡಿದೆ. ಮುಂಗಾಲಿಗೊಂದು, ಹಿಮ್ಮಡಿಗೊಂದು ಕೇಬಲ್ ಎಳೆಯುತ್ತದೆ. ಸಡಿಲಾದರೆ ಆ ಸತ್ತ ಆಟ ಬರುತ್ತದೆ. ಸಡಿಲ ಮಾತ್ರ ಆಗಿದ್ದರೆ ಬಿಗಿ ಮಾಡುವ ತಿರುಪು ಇರುತ್ತದೆ, ಆಟ ಹೋಗುವಷ್ಟು ತಿರುಗಿಸಿ ಬಿಡಿ. ವೀಣೆಯ ತಂತಿಯ ಹಾಗೆ ಬಿಗಿಯಬೇಡಿ, ಪೆಡಲ್ ಕಲ್ಲಾಗುತ್ತದೆ. ಎಳೆ ಬಿಚ್ಚಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ. ಬಟ್ಟೆ ಹಿಡಿದು ಕೇಬಲ್ ಮೇಲೆ ಎಳೆಯಿರಿ, ಬಟ್ಟೆ ಸಿಕ್ಕಿಕೊಂಡ ಜಾಗದಲ್ಲಿ ಎಳೆ ಎದ್ದಿದೆ. ಬರಿಗೈ ಬೇಡ, ಸೂಜಿಯ ಹಾಗೆ ಚುಚ್ಚುತ್ತದೆ.

ಬದಲಾಯಿಸುವಾಗ ಎರಡನ್ನೂ ಬದಲಾಯಿಸಿ. ಒಂದು ಸವೆದಿದ್ದರೆ ಇನ್ನೊಂದೂ ಅಷ್ಟೇ ದಿನ ದುಡಿದಿದೆ. ಮೋಟಾರನ್ನು ನೆಟ್ಟಗೆ ಮುಂದಕ್ಕೆ ನಿಲ್ಲಿಸಿ, ಪೆಡಲನ್ನು ಸಮಕ್ಕೆ ಇಟ್ಟು, ಎರಡಕ್ಕೂ ಟೇಪಿನ ಗುರುತು ಹಾಕಿ. ರಾಟೆಯ ಮೇಲೆ ಯಾವ ಕೇಬಲ್ ಯಾವ ಕಡೆಯಿಂದ ಎಷ್ಟು ಸುತ್ತು ಅಂತ ಎಣಿಸಿ ಬರೆದುಕೊಳ್ಳಿ. ಒಂದನ್ನು ತೆಗೆದು ಅದರ ಜಾಗಕ್ಕೆ ಹೊಸದನ್ನು ಹಾಕಿ ಮುಗಿಸಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಬಿಚ್ಚಿ, ಉಲ್ಟಾ ಸುತ್ತಿ, ಎಡಕ್ಕೆ ಒತ್ತಿದರೆ ಬಲಕ್ಕೆ ಹೋಗುವ ದೋಣಿಯನ್ನು ನನ್ನ ಹತ್ತಿರ ತಂದವರಿದ್ದಾರೆ.

ಕೇಬಲಿನ ಹೊರಗವಚ ಎಲ್ಲಿಯೂ ಬಿಗಿಯಾಗಿ ಮಡಚಬಾರದು, ಅಗಲ ತಿರುವು ಕೊಡಿ.

ಮತ್ತೊಬ್ಬ ಸದಸ್ಯರು: ನಾನು ಪೆಡಲಿಗೆ ಪ್ರತಿ ತಿಂಗಳು ತುಕ್ಕು ಬಿಡಿಸುವ ಸ್ಪ್ರೇ ಧಾರಾಳವಾಗಿ ಹೊಡೆಯುತ್ತೇನೆ. ಆದರೂ ಬಟನ್ ಅಂಟಿಕೊಳ್ಳುತ್ತದೆ. ಇನ್ನೂ ಜಾಸ್ತಿ ಹೊಡೆಯಲಾ?

ಉತ್ತರ: ಅಂಟುತ್ತಿರುವುದೇ ಅದರಿಂದ! ಆ ಸ್ಪ್ರೇ ನೀರನ್ನು ಓಡಿಸುತ್ತದೆ, ತುಕ್ಕು ಹಿಡಿದ ತಿರುಪು ಬಿಚ್ಚಿಸುತ್ತದೆ. ಗ್ರೀಸಿನ ಕೆಲಸ ಮಾಡುವುದಿಲ್ಲ. ಒಣಗಿದ ಮೇಲೆ ಉಳಿಯುವ ಜಿಡ್ಡಿಗೆ ಮರಳು, ದೂಳು ಕೂತು ಹಿಟ್ಟು ಕಲಸಿದ ಹಾಗಾಗುತ್ತದೆ. ಮೊದಲು ಬರೀ ಸಿಹಿನೀರಲ್ಲಿ ಮೆತ್ತಗೆ ತೊಳೆಯಿರಿ. ಉಪ್ಪುನೀರಿನಲ್ಲಿ ಓಡಿಸಿದ್ದರೆ ಅವತ್ತೇ ತೊಳೆಯಬೇಕು. ಜೋರು ಒತ್ತಡದ ಪೈಪ್ ಬೇಡ, ಅದು ನೀರನ್ನು ಸೀಲಿನ ಒಳಗೇ ತಳ್ಳುತ್ತದೆ. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಸ್ವಿಚ್ಚಿನ ತುದಿಗಳಿಗೆ ಕಾಂಟ್ಯಾಕ್ಟ್ ಕ್ಲೀನರ್. ಕೀಲಿಗೆ ನೀರಿಗೆ ಕರಗದ ಮರೀನ್ ಗ್ರೀಸ್, ಕಡಲೆ ಕಾಳಿನಷ್ಟು ಸಾಕು. ಮೋಟಾರಿನ ಕಂಬಕ್ಕೆ ಸಿಲಿಕೋನ್ ಸ್ಪ್ರೇ.

ಪೆಡಲ್ ಹಾಳಾಗುವುದು ಕಾಲಿನ ತುಳಿತಕ್ಕಲ್ಲ, ಕೆಳಗೆ ನಿಂತ ನೀರಿಗೆ. ನೆಲದಲ್ಲಿ ಗುಂಡಿ ಮಾಡಿ ಪೆಡಲ್ ಕೂರಿಸಿದ್ದರೆ ಆ ಗುಂಡಿಯ ನೀರು ಹೋಗುವ ತೂತು ತೆರೆದಿದೆಯಾ ನೋಡಿ. ನಾನು ಬಿಚ್ಚಿದ ಪೆಡಲುಗಳಲ್ಲಿ ಅರ್ಧಕ್ಕರ್ಧ ಮರಳು, ತುಂಡು ಗಾಳದ ದಾರ, ಒಮ್ಮೆ ಒಂದು ಗಾಳವೇ ಇತ್ತು. ಮೀನಿಗೆ ಆಮಿಷಕ್ಕೆ ಹಾಕುವ ಮೆತ್ತಗಿನ ಪ್ಲಾಸ್ಟಿಕ್ ಹುಳುಗಳನ್ನೂ ಪೆಡಲಿನ ಮೇಲೆ ಬಿಟ್ಟು ಹೋಗಬೇಡಿ, ಬಿಸಿಲಿಗೆ ಕರಗಿ ಹಲಗೆಗೇ ಅಂಟುತ್ತವೆ.

ಇನ್ನೊಬ್ಬರು: ನನ್ನ ಬ್ರೇಕರ್ ಪದೇ ಪದೇ ಬೀಳುತ್ತಿತ್ತು. 60 ಆಂಪಿಯರಿನದ್ದು ತೆಗೆದು 100ರದ್ದು ಹಾಕಿದೆ, ಈಗ ಆರಾಮ. ಪೆಡಲ್ ಮಾತ್ರ ಸ್ವಲ್ಪ ಬಿಸಿಯಾಗುತ್ತದೆ.

ಉತ್ತರ: ದಯವಿಟ್ಟು ಇವತ್ತೇ ವಾಪಸ್ ಹಾಕಿ. ಬ್ರೇಕರ್ ಇರುವುದು ವೈರ್ ಉರಿಯದಿರಲಿ ಅಂತ. ನೀವು ಕಾವಲುಗಾರನನ್ನು ಮನೆಗೆ ಕಳಿಸಿದ್ದೀರಿ. ಬಿಸಿ ಅಂದರೆ ಕೆಟ್ಟ ಜೋಡಣೆ ಅಲ್ಲೇ ಇದೆ. ಮೊದಲು ಪ್ರೊಪೆಲ್ಲರ್ ಬಿಚ್ಚಿ ಅದರ ಹಿಂದೆ ನೋಡಿ. ಅಲ್ಲಿ ಗಾಳದ ದಾರ ಸುತ್ತಿಕೊಂಡರೆ ಮೋಟಾರ್ ಒದ್ದಾಡುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ, ಬ್ರೇಕರ್ ಬೀಳುತ್ತದೆ. ಅದೇ ದಾರ ಸೀಲನ್ನು ಕೊಯ್ದರೆ ಮೋಟಾರಿನೊಳಗೆ ನೀರು, ಆಮೇಲೆ ಪೆಡಲ್ ಎಷ್ಟು ಚೆನ್ನಾಗಿದ್ದರೂ ಏನು ಬಂತು? 20 ಗಂಟೆ ಓಡಿಸಿದ ಮೇಲೆ ಒಮ್ಮೆ ಬಿಚ್ಚಿ ನೋಡುವುದು ರೂಢಿಯಾಗಲಿ. ಒಳಗಿನ ಸಣ್ಣ ಪಿನ್ ನೀರಿಗೆ ಬೀಳದ ಹಾಗೆ ಕೆಳಗೆ ಬಟ್ಟೆ ಹಿಡಿದುಕೊಳ್ಳಿ.

ಮೊದಲ ಪ್ರಶ್ನೆಯವರು: ಸಾರ್, ನೀವು ಹೇಳಿದ ಹಾಗೆ ವೈರ್ ಬದಲಾಯಿಸಿ, ಬಳಸು ಕೊಟ್ಟು ಮುಚ್ಚಿದೆ. ಮುಂಗಾಲು, ಹಿಮ್ಮಡಿ, ಎರಡರಲ್ಲೂ ಓಡುತ್ತಿದೆ. ಪೆಡಲಿನ ಒಳಗೆ ಮೊದಲು 10.4 ತೋರಿಸುತ್ತಿತ್ತು, ಈಗ 11.7. ವೇಗವೂ ಜಾಸ್ತಿ ಆಗಿದೆ, ಇಷ್ಟು ದಿನ ಗೊತ್ತೇ ಆಗಿರಲಿಲ್ಲ. ಒಂದು ಸಣ್ಣ ಸ್ಪ್ರಿಂಗ್ ಮಾತ್ರ ಮೇಜಿನ ಮೇಲೆ ಉಳಿದಿದೆ, ಬೆರಳ ತುದಿಯಷ್ಟು. ಇಲ್ಲದೆಯೂ ಓಡುತ್ತಿದೆಯಲ್ಲ, ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ, ನೀರಿಗೂ ಇಳಿಸಬೇಡಿ. ಅದು ಬಟನ್ ಕೆಳಗಿನದ್ದು ಇರಬೇಕು. ಅದಿಲ್ಲದಿದ್ದರೆ ಒತ್ತಿದ ಬಟನ್ ಮೇಲೆ ಏಳುವುದಿಲ್ಲ, ಕಾಲು ತೆಗೆದರೂ ಮೋಟಾರ್ ಓಡುತ್ತಲೇ ಇರುತ್ತದೆ. ನೀವು ಆಯ ತಪ್ಪಿ ನೀರಿಗೆ ಬಿದ್ದರೆ ದೋಣಿ ನಿಮ್ಮನ್ನು ಬಿಟ್ಟು ಹೋಗುತ್ತದೆ. ಮೊದಲು ತೆಗೆದ ಫೋಟೋ ಇದೆಯಲ್ಲ, ಮೂರನೆಯದೋ ನಾಲ್ಕನೆಯದೋ ದೊಡ್ಡದು ಮಾಡಿ ನೋಡಿ. ಇಲ್ಲಿ ಹಾಕಿ, ಎಲ್ಲಿ ಕೂರುತ್ತದೆ ಅಂತ ಹೇಳುತ್ತೇನೆ. ಅಲ್ಲಿವರೆಗೆ ಬ್ಯಾಟರಿ ವೈರ್ ಬಿಚ್ಚಿಯೇ ಇರಲಿ.